ಹಾಫ್ ವೈಟ್, ಕ್ರೀಮ್, ಬಿಸ್ಕೆಟ್, ಗ್ರೇಜ್: ನಿಮ್ಮ ಮನೆಯ ಗೋಡೆಗೆ ಯಾವುದು ಹೊಂದುತ್ತದೆ?

ಗೋಡೆಗೆ ಕಣ್ಣಿಗೆ ಹೊಡೆಯುವ ಬಣ್ಣ ಬೇಡ, ಹಾಗೆಂದು ಆಸ್ಪತ್ರೆಯ ಬಿಳಿಯೂ ಬೇಡ ಎಂದು ನಿರ್ಧರಿಸಿದವರಿಗೆ ಪೇಂಟ್ ಅಂಗಡಿಯಲ್ಲಿ ಎದುರಾಗುವುದು ಶೇಡ್ ಕಾರ್ಡಿನ ಅತ್ಯಂತ ಗೊಂದಲದ ಪುಟಗಳು. ಕೆಂಪು, ನೀಲಿ, ಹಸಿರುಗಳಲ್ಲಿ ಒಂದು ಛಾಯೆಗೂ ಇನ್ನೊಂದಕ್ಕೂ ಇರುವ ಅಂತರ ಯಾರಿಗಾದರೂ ಕಾಣುತ್ತದೆ. ಈ ಪುಟಗಳಲ್ಲಿ ಮಾತ್ರ ಹತ್ತಾರು ಚೌಕಗಳು ಮೊದಲ ನೋಟಕ್ಕೆ ಒಂದೇ ಥರ ಕಾಣುತ್ತವೆ. ಅವನ್ನು ತಂದು ನಾಲ್ಕು ಗೋಡೆಗೂ ಬಳಿದ ಮೇಲೆ ಒಂದು ಬೆಣ್ಣೆಯ ಹಳದಿಗೆ ತಿರುಗುತ್ತದೆ, ಇನ್ನೊಂದು ಗುಲಾಬಿಯಾಗುತ್ತದೆ, ಮತ್ತೊಂದು ಹೊಸದಾಗಿರುವಾಗಲೇ ಮಾಸಿದಂತೆ ಕಾಣುತ್ತದೆ. ಬಣ್ಣ ಕೆಟ್ಟದ್ದು ಎಂದು ನಾವು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಬಣ್ಣದಲ್ಲಿ ದೋಷವಿರುವುದಿಲ್ಲ. ಅದು ಆ ಮನೆಯ ನೆಲಕ್ಕೂ ಬೆಳಕಿಗೂ ಹೊಂದಿರುವುದಿಲ್ಲ, ಅಷ್ಟೇ.

ಬೆಚ್ಚನೆಯ ತಟಸ್ಥ ಬಣ್ಣಗಳನ್ನು ಇಲ್ಲಿ ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಕರ್ನಾಟಕದ ಮನೆಗಳಲ್ಲಿ ಸಾಮಾನ್ಯವಾಗಿರುವ ನೆಲ, ಮರ, ಬಿಸಿಲು ಮತ್ತು ದೀಪಗಳ ಜೊತೆಗಿಟ್ಟು ಹೋಲಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಗೋಡೆಯ ಬಣ್ಣವನ್ನು ಶೇಡ್ ಕಾರ್ಡಿನಿಂದ ಆರಂಭಿಸಿ ಆರಿಸಬಾರದು, ನೆಲದಿಂದ ಆರಂಭಿಸಿ ಆರಿಸಬೇಕು. ನೆಲ ಈಗಾಗಲೇ ಬೆಚ್ಚಗಿದ್ದರೆ ಗೋಡೆಗೆ ಕಡಿಮೆ ಬೆಚ್ಚನೆ ಸಾಕು. ನೆಲ ತಣ್ಣಗಿದ್ದರೆ ಮಾತ್ರ ಆ ಕೆಲಸವನ್ನು ಗೋಡೆಗೆ ಒಪ್ಪಿಸಬೇಕು.

ಡಬ್ಬಿಯೊಳಗೆ ಇರುವುದೇನು

ಈ ಎಲ್ಲ ಬಣ್ಣಗಳೂ ಮೂಲತಃ ಬಿಳಿ ಬಣ್ಣಗಳೇ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯಿಂದಾದ ಬೇಸ್‌ಗೆ ಅಂಗಡಿಯ ಟಿಂಟಿಂಗ್ ಯಂತ್ರ ಕೆಲವು ಹನಿ ಹಳದಿ, ಕೆಂಪು ಮತ್ತು ಕಪ್ಪು ವರ್ಣದ್ರವ್ಯಗಳನ್ನು ಬೆರೆಸುತ್ತದೆ. ಇವುಗಳಲ್ಲಿ ಹಳದಿಯೂ ಕೆಂಪೂ ಬಹುಪಾಲು ಕಬ್ಬಿಣದ ಆಕ್ಸೈಡ್‌ಗಳು, ಅಂದರೆ ನಮ್ಮ ಹಿರಿಯರು ಗೋಡೆಗೂ ಜಗುಲಿಗೂ ಬಳಿಯುತ್ತಿದ್ದ ಕೆಮ್ಮಣ್ಣಿನ ಬಂಧುಗಳು. ಬಿಸಿಲಿಗೂ ಸಿಮೆಂಟಿನ ಕ್ಷಾರಕ್ಕೂ ಅವು ಸುಲಭವಾಗಿ ಬಣ್ಣಗೆಡುವುದಿಲ್ಲ. ಮಣ್ಣಿನ ಛಾಯೆಯ ಗೋಡೆಗಳು ಗಾಢ ಹಳದಿ ಅಥವಾ ನೇರಳೆ ಗೋಡೆಗಳಿಗಿಂತ ಹೆಚ್ಚು ಕಾಲ ಹಾಗೇ ಉಳಿಯುವುದಕ್ಕೆ ಇದೊಂದು ಕಾರಣ.

ಮೂರು ಹನಿಗಳ ಪ್ರಮಾಣವೇ ಬಣ್ಣದ ಸ್ವಭಾವವನ್ನು ನಿರ್ಧರಿಸುತ್ತದೆ. ಹಳದಿ ಮೇಲುಗೈ ಪಡೆದರೆ ಕ್ರೀಮ್. ಹಳದಿಯ ಜೊತೆ ಕೆಂಪೂ ಸೇರಿದರೆ ಬಿಸ್ಕೆಟ್ ಅಥವಾ ಗಂಧದ ಬಣ್ಣ. ಕೆಂಪು ಕಡಿಮೆಯಾಗಿ ಕಪ್ಪು ಹೆಚ್ಚಾದರೆ ಬೂದು ಬೆರೆತ ಬಿಸ್ಕೆಟ್, ಅಂದರೆ ಈಗ ಗ್ರೇಜ್ ಎಂಬ ಹೆಸರಿನಲ್ಲಿ ಬಂದಿರುವ ಬಣ್ಣ. ಹಳದಿಗೆ ಕಪ್ಪು ಬೆರೆತಾಗ ಹಸಿರಿನ ಛಾಯೆ ಹುಟ್ಟುತ್ತದೆ ಎಂಬುದನ್ನು ಚಿತ್ರಕಲೆ ಕಲಿತವರು ಬಲ್ಲರು. ಗ್ರೇಜ್ ಬಳಿದ ಗೋಡೆ ಕೆಲವು ಮನೆಗಳಲ್ಲಿ ಪಾಚಿಗಟ್ಟಿದಂತೆ ಕಾಣುವುದರ ಮೂಲ ಇಲ್ಲಿದೆ.

ಮೇಲ್ನೋಟದ ಬಣ್ಣದ ಕೆಳಗೆ ಅಡಗಿರುವ ಈ ಒಲವನ್ನು ಒಳಛಾಯೆ ಎನ್ನೋಣ. ಅದನ್ನು ಪತ್ತೆ ಹಚ್ಚಲು ಎರಡು ಸರಳ ಉಪಾಯಗಳಿವೆ. ಶೇಡ್ ಕಾರ್ಡಿನ ಒಂದು ಪಟ್ಟಿಯಲ್ಲಿ ತಿಳಿಯಿಂದ ಗಾಢದವರೆಗೆ ಒಂದೇ ಕುಟುಂಬದ ಬಣ್ಣಗಳಿದ್ದರೆ, ಅತಿ ಗಾಢವಾದ ಚೌಕವನ್ನು ಮೊದಲು ನೋಡಬೇಕು; ತಿಳಿ ಚೌಕದಲ್ಲಿ ಕಾಣದ ಗುಲಾಬಿಯೋ ಹಸಿರೋ ಅಲ್ಲಿ ತಾನಾಗಿ ಬಯಲಾಗುತ್ತದೆ. ಇನ್ನೊಂದು, ಬಣ್ಣದ ಚೀಟಿಯನ್ನು ಹಗಲಿನ ಬೆಳಕಿನಲ್ಲಿ ಪ್ರಿಂಟರಿಗೆ ಹಾಕುವ ಬಿಳಿ ಕಾಗದದ ಮೇಲಿಟ್ಟು ನೋಡುವುದು. ಆ ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬೆರೆಸಿರುವುದರಿಂದ ಅದು ತುಸು ನೀಲಿಯತ್ತ ವಾಲಿರುತ್ತದೆ, ಹಾಗಾಗಿ ಅದರ ಮೇಲಿಟ್ಟ ಬಣ್ಣದ ಬೆಚ್ಚನೆ ಯಾವ ಕಡೆಗಿದೆ ಎಂಬುದು ಎದ್ದು ಕಾಣುತ್ತದೆ.

ನಾಲ್ಕು ಆಯ್ಕೆಗಳು

ಬಣ್ಣವೊಂದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದನ್ನು 0ಯಿಂದ 100ರವರೆಗಿನ ಅಂಕಿಯಲ್ಲಿ ಅಳೆಯುತ್ತಾರೆ. ಎಲ್‌ಆರ್‌ವಿ ಎಂಬ ಈ ಅಂಕಿಯನ್ನು ಹಲವು ಕಂಪನಿಗಳು ತಮ್ಮ ಜಾಲತಾಣದಲ್ಲಿಯೋ ಕಾರ್ಡಿನ ಹಿಂಬದಿಯಲ್ಲಿಯೋ ಕೊಡುತ್ತವೆ. ಕಪ್ಪು ಸೊನ್ನೆಯ ಹತ್ತಿರ, ಬಿಳಿ ನೂರರ ಹತ್ತಿರ. ಕೋಣೆ ಹಗಲಿನಲ್ಲಿಯೂ ದೀಪ ಬೇಡುವಷ್ಟು ಕತ್ತಲಾಗಿದ್ದರೆ ಬಣ್ಣದ ಹೆಸರಿಗಿಂತ ಈ ಅಂಕಿಯನ್ನು ಮೊದಲು ಕೇಳುವುದು ಲೇಸು.

ಹಾಫ್ ವೈಟ್ ಎಂದು ನಮ್ಮ ಪೇಂಟರುಗಳು ಕರೆಯುವ ಬಣ್ಣಗಳ ಎಲ್‌ಆರ್‌ವಿ ಸಾಮಾನ್ಯವಾಗಿ 80ರ ಮೇಲಿರುತ್ತದೆ. ಇವು ಬಿಳಿಯೇ, ಆದರೆ ಬಿಳಿಯ ಚಳಿ ಬಿಟ್ಟುಹೋಗಿರುತ್ತದೆ. ಹಳೆಯ ಮನೆಗಳಲ್ಲಿ ಸುಣ್ಣಕ್ಕೆ ಚೂರು ನೀಲಿ ಬೆರೆಸಿ ಬಳಿಯುತ್ತಿದ್ದುದು ಇದರ ತದ್ವಿರುದ್ಧ ದಿಕ್ಕಿನ ಜಾಣತನ: ನೀಲಿ ಸೇರಿದ ಬಿಳಿ ಕಣ್ಣಿಗೆ ಇನ್ನಷ್ಟು ಬೆಳ್ಳಗೆ, ಆದರೆ ತಣ್ಣಗೆ ಕಾಣುತ್ತದೆ. ಆ ಮನೆಗಳ ನೆಲ ಕೆಂಪು, ಕಂಬ ಕಂದು, ಮಾಡು ಹೆಂಚಿನದು; ಅಷ್ಟು ಬೆಚ್ಚನೆಯ ನಡುವೆ ಗೋಡೆ ತಣ್ಣಗಿದ್ದದ್ದು ಸರಿಯಾಗಿಯೇ ಇತ್ತು. ಇಂದು ಬೂದು ಗ್ರಾನೈಟ್ ಹಾಸಿದ ಮನೆಗೆ ಅದೇ ಬಿಳಿಯನ್ನು ತಂದರೆ ಮನೆ ಬ್ಯಾಂಕಿನ ಶಾಖೆಯಂತಾಗುತ್ತದೆ.

ಕ್ರೀಮ್ ಮತ್ತು ಐವರಿಗಳ ಎಲ್‌ಆರ್‌ವಿ ಸುಮಾರು 75ರಿಂದ 85. ಕರ್ನಾಟಕದ ಮನೆಗಳಲ್ಲಿ ಬಹುಶಃ ಅತಿ ಹೆಚ್ಚು ಬಳಕೆಯಲ್ಲಿರುವ ಗುಂಪು ಇದೇ. ಬಣ್ಣದ ವಿಷಯದಲ್ಲಿ ಮನೆಯವರಲ್ಲಿ ಒಮ್ಮತ ಮೂಡದಿದ್ದಾಗ ಎಲ್ಲರೂ ಕೊನೆಗೆ ಒಪ್ಪುವುದೂ ಇದನ್ನೇ. ಇದರ ಒಳಛಾಯೆ ನೇರ ಹಳದಿ. ಚೀಟಿಯಲ್ಲಿ ಸೌಮ್ಯವಾಗಿರುವ ಈ ಹಳದಿ ಗೋಡೆಗೆ ಬಂದಾಗ ಹೆಚ್ಚುತ್ತದೆ ಎಂಬುದು ಕಲ್ಪನೆಯಲ್ಲ. ನಾಲ್ಕೂ ಗೋಡೆಗೆ ಒಂದೇ ಬಣ್ಣವಿದ್ದಾಗ ಬೆಳಕು ಒಂದರಿಂದ ಇನ್ನೊಂದಕ್ಕೆ ಬಡಿದು ಮರಳುತ್ತದೆ, ಹಾಗೆ ಬಡಿದ ಪ್ರತಿಸಲವೂ ಗೋಡೆಯ ಬಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹೊತ್ತು ತರುತ್ತದೆ. ಕ್ರೀಮ್ ಆರಿಸುವವರು ಮೆಚ್ಚಿದ ಚೌಕಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ಹಿಡಿಯಬೇಕು ಎಂಬ ಮಾತಿಗೆ ಇದೇ ಆಧಾರ.

ಬಿಸ್ಕೆಟ್ ಮತ್ತು ಗಂಧದ ಬಣ್ಣಗಳು 55ರಿಂದ 70ರ ಸುತ್ತ ಇರುತ್ತವೆ. ಇವುಗಳಲ್ಲಿ ಹಳದಿ, ಕೆಂಪು, ಬೂದು ಮೂರೂ ಇರುವುದರಿಂದ ಯಾವುದೂ ಒಂದೇ ಆಗಿ ಮುಂದೆ ಬರುವುದಿಲ್ಲ. ಕೈಗುರುತು, ಕುರ್ಚಿ ತಾಗಿದ ಗೆರೆ, ಧೂಳು ಇವುಗಳಲ್ಲಿ ಅಷ್ಟಾಗಿ ಕಾಣದಿರುವುದು ಮಕ್ಕಳಿರುವ ಮನೆಗೆ ದೊಡ್ಡ ಅನುಕೂಲ. ಅಪಾಯವಿರುವುದು ಗುಲಾಬಿಯಲ್ಲಿ: ಕೆಂಪು ತುಸು ಹೆಚ್ಚಾದ ಬಿಸ್ಕೆಟ್ ಕೆಂಪು ನೆಲದ ಮೇಲೆ ನಿಂತರೆ ಮನೆಯೆಲ್ಲ ನಸುಗೆಂಪಾಗುತ್ತದೆ.

ಗ್ರೇಜ್ 50ರಿಂದ 65ರ ನಡುವಿನದು. ಇದರ ಜನಪ್ರಿಯತೆ ಬಹುಮಟ್ಟಿಗೆ ಅಮೆರಿಕದಿಂದ ಬಂದದ್ದು. ಅಲ್ಲಿರುವ ಕನ್ನಡಿಗರು ಮನೆ ಕೊಂಡಾಗ ಅವರ ಕಿವಿಗೆ ಮೊದಲು ಬೀಳುವ ಹೆಸರುಗಳಲ್ಲಿ ಶರ್ವಿನ್ ವಿಲಿಯಮ್ಸ್ ಕಂಪನಿಯ ಅಗ್ರೀಯಬಲ್ ಗ್ರೇ ಮತ್ತು ಅಕ್ಸೆಸಿಬಲ್ ಬೇಜ್ ಸೇರಿರುತ್ತವೆ. ಇವುಗಳ ಎಲ್‌ಆರ್‌ವಿ ಕ್ರಮವಾಗಿ 60 ಮತ್ತು 58. ಅಲ್ಲಿನ ಮನೆಗಳಲ್ಲಿ ಬಾಗಿಲು, ಕಿಟಕಿ, ಗೋಡೆಯ ಅಂಚುಪಟ್ಟಿಗಳಿಗೆಲ್ಲ ಬಿಳಿ ಬಳಿದಿರುತ್ತಾರೆ, ಆ ಬಿಳಿ ಚೌಕಟ್ಟಿನೊಳಗೆ ಈ ಬಣ್ಣ ಅಚ್ಚುಕಟ್ಟಾಗಿ ಕೂರುತ್ತದೆ. ಆ ಮನೆಗಳ ಫೋಟೊಗಳನ್ನು ಫೋನಿನಲ್ಲಿ ಹಿಡಿದುಕೊಂಡು ಬೆಂಗಳೂರಿನ ಅಂಗಡಿಗೆ ಹೋಗುವವರು ನೆನಪಿಡಬೇಕಾದದ್ದು, ಫೋಟೊದಲ್ಲಿ ಗೋಡೆಯ ಬಣ್ಣದಷ್ಟೇ ಆ ಬಿಳಿ ಅಂಚೂ ಅಲ್ಲಿನ ಬೆಳಕೂ ಇವೆ ಎಂಬುದನ್ನು. ತೇಗದ ಬಾಗಿಲು, ಹಳದಿಗಟ್ಟಿದ ಟೈಲ್ಸ್ ಇರುವ ಮನೆಗೆ ಅದೇ ಬಣ್ಣ ಬಂದಾಗ ಬೇರೆಯದೇ ಆಗಿಬಿಡುತ್ತದೆ.

ಇವುಗಳಿಗಿಂತ ಗಾಢವಾದ ಟೋಪ್, ಮಶ್ರೂಮ್ ಮೊದಲಾದ ಬೂದುಗಂದು ಬಣ್ಣಗಳು 45ಕ್ಕಿಂತ ಕೆಳಗಿನವು. ಮಲಗುವ ಕೋಣೆಯ ಒಂದು ಗೋಡೆಗೆ ಸರಿ. ಇಡೀ ಮನೆಗೆ ಬಳಿಯುವ ಪ್ರಶ್ನೆ ನಮ್ಮ ಸಾಧಾರಣ ಕಿಟಕಿಗಳ ಮನೆಗಳಲ್ಲಿ ಏಳುವುದೇ ಇಲ್ಲ.

ನೆಲ ಹೇಳುವ ಮಾತು

ಗೋಡೆಯ ಬಣ್ಣವನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬಹುದು. ನೆಲವನ್ನು ಹಾಗೆ ಕಿತ್ತು ಹಾಕುವವರು ಕಡಿಮೆ. ಅದಲ್ಲದೆ ಕಿಟಕಿಯಿಂದ ಬಂದ ಬಿಸಿಲು ಮೊದಲು ಬೀಳುವುದು ನೆಲದ ಮೇಲೆ, ಅಲ್ಲಿಂದ ನೆಲದ ಬಣ್ಣವನ್ನು ಹೊತ್ತು ಗೋಡೆಯ ಕೆಳಭಾಗಕ್ಕೆ ಏರುತ್ತದೆ. ಹೀಗಾಗಿ ನೆಲವನ್ನು ಬಿಟ್ಟು ಗೋಡೆಯ ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ.

ಕೆಂಪು ಆಕ್ಸೈಡಿನ ನೆಲ, ಕೆಂಪು ಟೈಲ್ಸ್, ಇಳಕಲ್ಲಿನ ಕೆಂಪು ಗ್ರಾನೈಟ್ ಇವುಗಳ ಮೇಲೆ ನನ್ನ ಮೊದಲ ಆಯ್ಕೆ ಹಾಫ್ ವೈಟ್, ಅದರಲ್ಲೂ ಬೂದು ಅಥವಾ ಹಸಿರಿನ ಅತಿ ಸಣ್ಣ ಒಳಛಾಯೆ ಇರುವಂಥದ್ದು. ನೆಲದಿಂದ ಏಳುವ ಕೆಂಪನ್ನು ಆ ಛಾಯೆ ತಗ್ಗಿಸುತ್ತದೆ, ಮತ್ತು ಗೋಡೆ ಹಗಲಿನಲ್ಲಿ ತಾನಾಗಿಯೇ ಬೇಕಾದಷ್ಟು ಬೆಚ್ಚಗೆ ಕಾಣುತ್ತದೆ. ಕ್ರೀಮ್ ಇಲ್ಲಿ ಸಹ್ಯ. ಗುಲಾಬಿ ಒಳಛಾಯೆಯ ಬಿಸ್ಕೆಟ್ ಸಹ್ಯವಲ್ಲ. ಅಚ್ಚರಿಯೆಂಬಂತೆ, ಬೇರೆಡೆ ಪಾಚಿಯಂತೆ ಕಾಣುವ ಗ್ರೇಜ್ ಈ ನೆಲದ ಮೇಲೆ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಅದರ ಹಸಿರಿಗೆ ಎದುರಾಗಿ ನೆಲದ ಕೆಂಪು ನಿಂತಿರುತ್ತದೆ.

ಕಳೆದ ಎರಡು ದಶಕಗಳ ಫ್ಲ್ಯಾಟುಗಳಲ್ಲಿ ಎಲ್ಲೆಲ್ಲೂ ಇರುವುದು ಐವರಿ ಬಣ್ಣದ ವಿಟ್ರಿಫೈಡ್ ಟೈಲ್ಸ್. ಇದರ ಒಳಛಾಯೆ ಹಳದಿ, ಕೆಲವೊಮ್ಮೆ ಹಳದಿಯ ಜೊತೆ ಗುಲಾಬಿ. ಜನ ಹೆಚ್ಚು ತಪ್ಪುವುದು ಈ ನೆಲದಲ್ಲೇ. ಹಳದಿ ನೆಲ ಬೇಸರವಾಗಿದೆ, ಗೋಡೆಯನ್ನಾದರೂ ಬೂದು ಮಾಡೋಣ ಎಂದು ಬೂದುಛಾಯೆ ಹೆಚ್ಚಿರುವ ಗ್ರೇಜ್ ಬಳಿಸಿದರೆ ನೆಲ ಇನ್ನಷ್ಟು ಹಳದಿಯಾಗಿ ಕಾಣುತ್ತದೆ. ಪಕ್ಕಪಕ್ಕದ ಎರಡು ಬಣ್ಣಗಳು ಒಂದನ್ನೊಂದು ತಮ್ಮಿಂದ ದೂರ ತಳ್ಳುತ್ತವೆ ಎಂಬ ಈ ನಿಯಮವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೆನ್ ಶೆವ್ರೊಲ್ 1839ರಲ್ಲೇ ವಿವರವಾಗಿ ಬರೆದಿಟ್ಟ. ಪ್ಯಾರಿಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ನಿರ್ದೇಶಕನಾಗಿದ್ದ ಅವನ ಬಳಿಗೆ ಕಪ್ಪು ನೂಲಿನ ಬಣ್ಣ ಸರಿಯಿಲ್ಲ ಎಂಬ ದೂರು ಬಂದಿತ್ತು. ಪರೀಕ್ಷಿಸಿ ನೋಡಿದರೆ ಬಣ್ಣ ಸರಿಯಾಗಿಯೇ ಇತ್ತು, ಪಕ್ಕದಲ್ಲಿ ನೇಯ್ದಿದ್ದ ಬೇರೆ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. ಐವರಿ ನೆಲಕ್ಕೆ ಆದ್ದರಿಂದ ಅದೇ ಕುಟುಂಬದ, ಆದರೆ ನೆಲಕ್ಕಿಂತ ಕಡಿಮೆ ಹಳದಿಯ ಹಾಫ್ ವೈಟ್ ಒಂದು ದಾರಿ. ನೆಲಕ್ಕಿಂತ ಸ್ಪಷ್ಟವಾಗಿ ಗಾಢವಾದ ಬಿಸ್ಕೆಟ್ ಇನ್ನೊಂದು ದಾರಿ. ನೆಲದಷ್ಟೇ ಹಳದಿಯಾದ ಕ್ರೀಮ್ ಬಳಿದರೆ ನೆಲವೂ ಗೋಡೆಯೂ ಒಂದರೊಳಗೊಂದು ಕರಗಿ ಕೋಣೆಗೆ ಆಕಾರವೇ ಇಲ್ಲದಂತಾಗುತ್ತದೆ.

ದೇವನಹಳ್ಳಿಯ ಬಳಿಯ ಸಾದರಹಳ್ಳಿಯ ಬೂದು ಕಲ್ಲು, ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು, ಬೂದು ಗ್ರಾನೈಟ್, ಸಿಮೆಂಟ್ ನೆಲ ಇವೆಲ್ಲ ತಣ್ಣನೆಯವು. ಇಲ್ಲಿ ಗೋಡೆ ಬೆಚ್ಚಗಿರಲೇಬೇಕು. ಆದರೆ ಆ ಬೆಚ್ಚನೆ ಹಳದಿಯಿಂದ ಬರಬಾರದು, ಮರಳಿನ ಬಣ್ಣದಿಂದ ಬರಬೇಕು. ನೀಲಿಯತ್ತ ವಾಲುವ ಬೂದು ನೆಲದ ಪಕ್ಕದಲ್ಲಿ ಕ್ರೀಮ್ ತನ್ನ ಹಳದಿಯನ್ನು ಇಮ್ಮಡಿಯಾಗಿ ತೋರಿಸುತ್ತದೆ. ಬಿಸ್ಕೆಟ್ ಮಾತ್ರ ಶಾಂತವಾಗಿ ಹೊಂದುತ್ತದೆ. ಗ್ರೇಜ್ ಕೂಡ ಸರಿಹೋಗುತ್ತದೆ, ಆದರೆ ಕೋಣೆಯಲ್ಲಿ ಮರದ ಪೀಠೋಪಕರಣಗಳು ಸಾಕಷ್ಟಿದ್ದರೆ ಮಾತ್ರ. ಇಲ್ಲದಿದ್ದರೆ ಎಲ್ಲವೂ ಬೂದಿಯೊಳಗೆ ಮುಳುಗುತ್ತದೆ. ಕೋಟಾ ಕಲ್ಲಿನ ಸಂಗತಿ ಬೇರೆ. ರಾಜಸ್ಥಾನದ ಈ ಕಲ್ಲಿನ ಬೂದುವಿನಲ್ಲಿ ಹಸಿರಿದೆ, ಹಾಗಾಗಿ ಗುಲಾಬಿಯತ್ತ ವಾಲುವ ಬಿಸ್ಕೆಟ್‌ಗೆ ಸರಿಯಾದ ನೆಲ ಸಿಗುವುದು ಇಲ್ಲಿಯೇ. ಕಡಪ ಕಲ್ಲಿನ ಕಪ್ಪು ನೆಲ ಬೆಳಕನ್ನು ನುಂಗುತ್ತದೆ. ಅದರ ಮೇಲೆ 80ಕ್ಕಿಂತ ಕೆಳಗಿನ ಯಾವ ಬಣ್ಣವನ್ನೂ ನಾನು ಸೂಚಿಸುವುದಿಲ್ಲ.

ನೆಲದ ನಂತರ ಮರ ಮತ್ತು ಕಿಟಕಿ. ಪಾಲಿಶ್ ಮಾಡಿದ ತೇಗ ಚಿನ್ನದ ಕಂದು, ಹಲಸಿನ ಮರ ಹೊಸದರಲ್ಲಿ ಹಳದಿಯಾಗಿದ್ದು ವರ್ಷ ಕಳೆದಂತೆ ಕಂದಾಗುತ್ತದೆ, ಬೀಟೆ ಕಪ್ಪುಗೆಂಪು. ತೇಗದ ಬಾಗಿಲ ಪಕ್ಕದಲ್ಲಿ ಕ್ರೀಮ್ ಇದ್ದರೆ ಎರಡೂ ಹಳದಿಗಾಗಿ ಸ್ಪರ್ಧೆಗಿಳಿಯುತ್ತವೆ. ಹಾಫ್ ವೈಟ್ ಆಗಲಿ ಗ್ರೇಜ್ ಆಗಲಿ ಮರವನ್ನು ಮುಂದಕ್ಕೆ ಬಿಟ್ಟು ತಾವು ಹಿಂದೆ ಸರಿಯುತ್ತವೆ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಅಚ್ಚ ಬಿಳಿ ಕಿಟಕಿಗಳು ಹೊಸ ತೊಡಕು ತಂದಿವೆ. ಅವುಗಳ ಬಿಳಿಯನ್ನು ಬದಲಿಸಲಾಗದು, ಮತ್ತು ಆ ಬಿಳಿಯ ಎದುರು ತಿಳಿ ಕ್ರೀಮ್ ಗೋಡೆ ಹಳೆಯ ಕಾಗದದಂತೆ ಕಾಣುತ್ತದೆ. ಅಂಥ ಕಿಟಕಿಗಳಿದ್ದಲ್ಲಿ ಗೋಡೆಯನ್ನು ಕಿಟಕಿಗೆ ತೀರ ಹತ್ತಿರದ ಹಾಫ್ ವೈಟ್ ಮಾಡಬೇಕು, ಇಲ್ಲವೇ ಬಿಸ್ಕೆಟ್‌ನಷ್ಟು ದೂರ ಹೋಗಬೇಕು, ನಡುದಾರಿ ಇಲ್ಲ.

ಬಿಸಿಲು ಮತ್ತು ದೀಪ

ಬಣ್ಣ ಆರಿಸುವ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಸಲಹೆಗಳಲ್ಲಿ ಉತ್ತರಕ್ಕೆ ಮುಖ ಮಾಡಿದ ಕೋಣೆಯ ಬೆಳಕು ತಣ್ಣನೆಯದು, ದಕ್ಷಿಣದ್ದು ಬೆಚ್ಚನೆಯದು ಎಂಬ ಮಾತು ತಪ್ಪದೆ ಬರುತ್ತದೆ. ಲಂಡನ್ನಿಗೂ ನ್ಯೂಯಾರ್ಕಿಗೂ ಅದು ನಿಜ, ಏಕೆಂದರೆ ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿಗೆ ಆ ಮಾತನ್ನು ಹಾಗೇ ಒಪ್ಪಲಾಗದು. ಇಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೆ ಬಂದು ನೆರಳಿಲ್ಲದ ದಿನಗಳು ಉಂಟಾಗುತ್ತವೆ. ಆ ಎರಡರ ನಡುವೆ ನಡುಹಗಲಿನ ಸೂರ್ಯ ಉತ್ತರದ ಕಡೆಗಿರುತ್ತಾನೆ. ಬೀದರಿನಲ್ಲಿ ಈ ಅವಧಿ ಮೇ ನಡುವಿನಿಂದ ಜುಲೈ ಕೊನೆಯವರೆಗೆ. ಅಂದರೆ ನಮ್ಮ ಉತ್ತರದ ಕೋಣೆ ಚಳಿಗಾಲದಲ್ಲಿ ಮಂಕಾಗಿದ್ದರೂ ಬೇಸಿಗೆಯಲ್ಲಿ ಬೆಳಗು ಸಂಜೆ ಓರೆ ಬಿಸಿಲನ್ನು ಕಾಣುತ್ತದೆ. ಉತ್ತರದ ಕೋಣೆಗೆ ಕಡ್ಡಾಯವಾಗಿ ಗಾಢ ಕ್ರೀಮ್ ಬಳಿಯಬೇಕೆಂಬ ಆಮದು ಸಲಹೆಯನ್ನು ನಾವು ಪಾಲಿಸಬೇಕಾಗಿಲ್ಲ. ಹಾಫ್ ವೈಟ್ ಅಥವಾ ತಿಳಿ ಬಿಸ್ಕೆಟ್ ಸಾಕು.

ನಮ್ಮಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಪಶ್ಚಿಮದ ಕೋಣೆಗೆ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಮೂರರ ಮೇಲೆ ಒಳನುಗ್ಗುವ ಬಿಸಿಲು ದಟ್ಟ ಹಳದಿ, ಸಂಜೆಯಾದಂತೆ ಕಿತ್ತಳೆ. ಆ ಬೆಳಕಿನಲ್ಲಿ ಕ್ರೀಮ್ ಗೋಡೆಯನ್ನು ನೋಡುತ್ತಿದ್ದರೆ ಸೆಕೆ ಹೆಚ್ಚಿದಂತೆ ಅನ್ನಿಸುತ್ತದೆ. ಗ್ರೇಜ್‌ಗೆ ಇಡೀ ಮನೆಯಲ್ಲಿ ಅತ್ಯುತ್ತಮ ಜಾಗವೆಂದರೆ ಇಂಥ ಕೋಣೆ: ಬಿಸಿಲು ಅದರ ಬೂದುವನ್ನು ಕರಗಿಸುತ್ತದೆ, ಬೂದು ಬಿಸಿಲಿನ ತೀವ್ರತೆಯನ್ನು ಇಳಿಸುತ್ತದೆ. ಪೂರ್ವದ ಕೋಣೆಯಲ್ಲಿ ಬೆಳಗಿನ ಬೆಚ್ಚನೆ ಹತ್ತು ಗಂಟೆಯ ಹೊತ್ತಿಗೆ ಮುಗಿದು ಆಮೇಲೆ ಬೆಳಕು ಮಂಕಾಗುವುದರಿಂದ ಅಲ್ಲಿ ಗ್ರೇಜ್ ದಿನದ ಬಹುಪಾಲು ನಿಸ್ತೇಜವಾಗಿರುತ್ತದೆ. ಕ್ರೀಮ್ ಅಲ್ಲಿ ಹೊಂದುತ್ತದೆ.

ಕಿಟಕಿಯ ಹೊರಗೆ ಏನಿದೆ ಎಂಬುದೂ ದಿಕ್ಕಿನಷ್ಟೇ ಮುಖ್ಯ. ಮಲೆನಾಡಿನ ತೋಟದ ಮನೆಯಲ್ಲಿ ಅಡಿಕೆ ಮರಗಳ ನಡುವಿನಿಂದ ಸೋಸಿ ಬರುವ ಬೆಳಕು ಹಸಿರಾಗಿರುತ್ತದೆ. ಹಸಿರು ಒಳಛಾಯೆಯ ಗ್ರೇಜ್ ಅಲ್ಲಿಗೆ ಬೇಡ, ಕೆಂಪು ತುಸು ಇರುವ ಗಂಧದ ಬಣ್ಣ ಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಕರಾವಳಿಯಲ್ಲಿ ಹಬ್ಬಿದ ಹೆಂಚಿನ ಮನೆಗಳಲ್ಲಿ ಮಾಡು ಕೆಳಕ್ಕಿಳಿದಿರುವುದರಿಂದ ಬೆಳಕು ಆಕಾಶದಿಂದ ನೇರ ಬರದೆ ಅಂಗಳದ ಕೆಂಪು ಮಣ್ಣಿಗೆ ಬಡಿದು ಒಳಬರುತ್ತದೆ. ಅದು ಬೆಚ್ಚನೆಯದು, ಆದರೆ ಕಡಿಮೆ. ಅಲ್ಲಿ ಬೇಕಾದದ್ದು ಹೆಚ್ಚು ಎಲ್‌ಆರ್‌ವಿಯ ಹಾಫ್ ವೈಟ್. ಅಪಾರ್ಟ್‌ಮೆಂಟಿನಲ್ಲಿ ಎದುರಿನ ಕಟ್ಟಡದ ಗೋಡೆಯ ಬಣ್ಣವೇ ನಿಮ್ಮ ಕೋಣೆಯ ಬೆಳಕಿನ ಬಣ್ಣ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಕೆಲಸಕ್ಕೆ ಹೋಗುವವರು ತಮ್ಮ ಮನೆಯ ಗೋಡೆಯನ್ನು ನೋಡುವುದು ಹೆಚ್ಚಾಗಿ ರಾತ್ರಿ, ದೀಪದ ಬೆಳಕಿನಲ್ಲಿ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಅಳತೆಯಲ್ಲಿ ಬೆಳಕಿನ ಬಣ್ಣ ಮುದ್ರಿತವಾಗಿರುತ್ತದೆ: 2700ರಿಂದ 3000 ಎಂದರೆ ಹಳದಿ ಬೆಳಕು, 4000 ಮಧ್ಯಮ, 6500 ನೀಲಿ ಬೆರೆತ ಬಿಳಿ. ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವುದು ಕೊನೆಯದು. ಅದರ ಕೆಳಗೆ ಕ್ರೀಮ್ ತನ್ನ ಬೆಚ್ಚನೆ ಕಳೆದುಕೊಂಡು ಹಸಿರು ಹತ್ತಿದ ಹಳದಿಯಾಗುತ್ತದೆ, ಗ್ರೇಜ್ ಬರೀ ಬೂದಾಗುತ್ತದೆ. ಬೆಚ್ಚನೆಯ ಬಣ್ಣಕ್ಕೆ ಹಣ ಕೊಟ್ಟು, ಆ ಬೆಚ್ಚನೆಯನ್ನು ಅಳಿಸುವ ದೀಪದ ಕೆಳಗೆ ಸಂಜೆಯೆಲ್ಲ ಕೂರುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ, ಅದು ಯಾರಿಗೂ ವಿಚಿತ್ರವೆನಿಸುವುದೇ ಇಲ್ಲ. ಹಜಾರಕ್ಕೂ ಮಲಗುವ ಕೋಣೆಗೂ 3000 ಕೆಲ್ವಿನ್ನಿನ ದೀಪ ಹಾಕಿ ನೋಡಿದ ಮೇಲೆಯೇ ಬಣ್ಣ ನಿರ್ಧರಿಸಬೇಕು. ಮನೆಯ ಹಿರಿಯರು ಓದಲು ಬಿಳಿ ದೀಪವೇ ಬೇಕೆಂದು ಪಟ್ಟು ಹಿಡಿದರೆ 4000ಕ್ಕೆ ರಾಜಿಯಾಗಬಹುದು. ದೀಪ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದನ್ನು ಹೇಳುವ ಸಿಆರ್‌ಐ ಅಂಕಿ ಪೆಟ್ಟಿಗೆಯ ಮೇಲೆ ಇದ್ದರೆ ಅದು 90ರ ಹತ್ತಿರವಿರಲಿ. ಅಂಕಿ ಕಡಿಮೆಯಿರುವ ದೀಪಗಳು ಕೆಂಪನ್ನು ಸರಿಯಾಗಿ ತೋರಿಸುವುದಿಲ್ಲ, ಬಿಸ್ಕೆಟ್ ಗೋಡೆ ಅವುಗಳ ಕೆಳಗೆ ಜೀವವಿಲ್ಲದಂತಿರುತ್ತದೆ.

ಎರಡರ ನಡುವೆ ಸಿಕ್ಕಿಕೊಂಡಾಗ

ಹಾಫ್ ವೈಟ್ ಅಥವಾ ಕ್ರೀಮ್ ಎಂಬ ಪ್ರಶ್ನೆಯಲ್ಲಿ ನಾನು ಬಹುತೇಕ ಹಾಫ್ ವೈಟಿನ ಪಕ್ಷ. ಅದು ಮುಂದೆ ಬರುವ ಪರದೆ, ಸೋಫಾ, ಚಿತ್ರಗಳಿಗೆ ಅಡ್ಡಿಯಾಗುವುದಿಲ್ಲ. ಕ್ರೀಮ್ ಹಾಗಲ್ಲ, ತಣ್ಣನೆಯ ನೀಲಿ ಅಥವಾ ಬೂದು ಸೋಫಾ ಬಂದ ದಿನ ತಾನು ಹಳದಿ ಎಂದು ಸಾರಿಬಿಡುತ್ತದೆ. ಕ್ರೀಮ್‌ಗೆ ಹಕ್ಕಿನ ಜಾಗ ದೇವರ ಮನೆ. ದೀಪ, ಊದುಬತ್ತಿ, ಕರ್ಪೂರದ ಹೊಗೆ ವರ್ಷದೊಳಗೆ ಹಾಫ್ ವೈಟನ್ನು ಹೇಗೂ ಕ್ರೀಮ್ ಮಾಡುತ್ತದೆ, ಮತ್ತು ಎಣ್ಣೆದೀಪದ ಬೆಳಕಿನಲ್ಲಿ ಕ್ರೀಮ್‌ನಷ್ಟು ಚೆಂದ ಕಾಣುವ ಬಣ್ಣ ಬೇರೆ ಇಲ್ಲ. ಒಗ್ಗರಣೆಯ ಜಿಡ್ಡು ಕೂರುವ ಅಡುಗೆಮನೆಗೂ ಇದೇ ವಾದ ಅನ್ವಯಿಸುತ್ತದೆ, ಆದರೆ ಅಲ್ಲಿ ಟೈಲ್ಸ್ ಬಿಟ್ಟು ಉಳಿಯುವ ಗೋಡೆಯೇ ಕಡಿಮೆ.

ಬಿಸ್ಕೆಟ್ ಅಥವಾ ಗ್ರೇಜ್ ಎಂಬುದು ಇದಕ್ಕಿಂತ ಕಠಿಣ ಪ್ರಶ್ನೆ. ಗ್ರೇಜ್ ಫೋಟೊದಲ್ಲಿ ಗೆಲ್ಲುತ್ತದೆ, ಬಿಸ್ಕೆಟ್ ಬಾಳಿಕೆಯಲ್ಲಿ ಗೆಲ್ಲುತ್ತದೆ. ಗ್ರೇಜ್ ಚೆನ್ನಾಗಿ ಕಾಣಲು ಹೇರಳವಾದ ಹಗಲುಬೆಳಕು, ಹಳದಿ ದೀಪ, ಹಳದಿಯಲ್ಲದ ನೆಲ ಮೂರೂ ಬೇಕು. ಒಂದು ಕೈಕೊಟ್ಟರೂ ಅದು ಸಿಮೆಂಟಿನ ಬಣ್ಣಕ್ಕೆ ಇಳಿಯುತ್ತದೆ. ಬಿಸ್ಕೆಟ್ ಅಷ್ಟು ಷರತ್ತು ಹಾಕುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಬೂದಾಗಿರುವ ಉಡುಪಿ, ಕಾರವಾರ, ಆಗುಂಬೆಗಳಲ್ಲಿ ನಾಲ್ಕು ತಿಂಗಳು ಬೂದು ಗೋಡೆಯ ನಡುವೆ ಇರುವುದು ಸುಖದ ಕೆಲಸವಲ್ಲ, ಅಲ್ಲಿಗೆ ಬಿಸ್ಕೆಟ್ ಅಥವಾ ಹಾಫ್ ವೈಟೇ ಸರಿ. ಬಿಸಿಲು ಯಥೇಚ್ಛವಾಗಿರುವ ವಿಜಯಪುರ, ರಾಯಚೂರು, ಬಳ್ಳಾರಿಗಳಲ್ಲಿ ಗ್ರೇಜ್ ನಿಜಕ್ಕೂ ಕಣ್ಣಿಗೆ ತಂಪು. ಅಲ್ಲಿಯ ಧೂಳನ್ನೂ ಅದು ಮರೆಮಾಚುತ್ತದೆ. ಕರಾವಳಿಯಲ್ಲಿ ತಿಳಿ ಬಣ್ಣ ಹಾಕುವವರು ಬೂಸ್ಟು ನಿರೋಧಕ ಪ್ರೈಮರನ್ನು ಬಿಡಬಾರದು, ಏಕೆಂದರೆ ಹಾಫ್ ವೈಟಿನ ಮೇಲೆ ಮೊದಲ ಮಳೆಗಾಲದ ಕಪ್ಪು ಚುಕ್ಕೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಸುಣ್ಣಕ್ಕೆ ಅದರ ಕ್ಷಾರಗುಣವೇ ಆ ರಕ್ಷಣೆ ಕೊಡುತ್ತಿತ್ತು.

ಛಾವಣಿಗೆ ಎಲ್ಲರೂ ಕಣ್ಣು ಮುಚ್ಚಿ ಅಚ್ಚ ಬಿಳಿ ಬಳಿಸುತ್ತಾರೆ. ಗೋಡೆ ಬಿಸ್ಕೆಟ್ ಆಗಿದ್ದರೆ ಪರವಾಗಿಲ್ಲ. ಗೋಡೆ ಹಾಫ್ ವೈಟ್ ಆಗಿದ್ದರೆ ಛಾವಣಿಗೂ ಅದನ್ನೇ ಬಳಿಸಿ. ಬಾಗಿಲು, ಗ್ರಿಲ್ಲುಗಳಿಗೆ ಎಣ್ಣೆ ಆಧಾರಿತ ಬಿಳಿ ಎನಾಮೆಲ್ ಹಾಕಿದರೆ, ವಿಶೇಷವಾಗಿ ಬೆಳಕು ಕಡಿಮೆಯಿರುವ ಕಡೆ, ಅದು ಕಾಲಕ್ರಮದಲ್ಲಿ ಹಳದಿಯಾಗುತ್ತದೆ, ಗೋಡೆಯ ಎಚ್ಚರದ ಆಯ್ಕೆಯನ್ನೆಲ್ಲ ಕೆಡಿಸುತ್ತದೆ. ನೀರು ಆಧಾರಿತ ಎನಾಮೆಲ್‌ಗೆ ಈ ದೋಷ ಬಹಳ ಕಡಿಮೆ.

ಹೊಳಪಿನ ಆಯ್ಕೆ ಬಣ್ಣದಷ್ಟು ಜಟಿಲವಲ್ಲ. ಮ್ಯಾಟ್ ಫಿನಿಶ್ ಪುಟ್ಟಿಯ ಏರಿಳಿತಗಳನ್ನು ಮುಚ್ಚುತ್ತದೆ, ಆದರೆ ಒರೆಸಿದರೆ ಗುರುತು ಉಳಿಯಬಹುದು. ಹೊಳಪು ಹೆಚ್ಚಾದಂತೆ ತೊಳೆಯುವುದು ಸುಲಭ, ಗೋಡೆಯ ದೋಷ ಕಾಣುವುದೂ ಸುಲಭ. ಹಜಾರಕ್ಕೆ ಕಡಿಮೆ ಹೊಳಪಿನ, ತೊಳೆಯಬಹುದಾದ ಎಮಲ್ಷನ್ ಸಾಕು.

ಗೋಡೆಗೆ ಬಳಿಯುವ ಮೊದಲು, ಬಳಿದ ನಂತರ

ಆಯ್ಕೆಯನ್ನು ಎರಡು ಮೂರು ಬಣ್ಣಗಳಿಗೆ ಇಳಿಸಿದ ಮೇಲೆ ಪ್ರತಿಯೊಂದರ ಸಣ್ಣ ಸ್ಯಾಂಪಲ್ ಡಬ್ಬಿ ತರಬೇಕು. ಹಳೆಯ ಗೋಡೆಯ ಮೇಲೆ ನೇರವಾಗಿ ಬಳಿದರೆ ಸುತ್ತಲಿನ ಹಳೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ಪ್ರೈಮರ್ ಹೊಡೆದ ಎರಡಡಿ ಅಗಲದ ಪ್ಲೈವುಡ್ ಅಥವಾ ದಪ್ಪ ರಟ್ಟಿನ ಮೇಲೆ ಎರಡು ಕೋಟ್ ಬಳಿದು, ಸುತ್ತ ಬಿಳಿ ಅಂಚು ಬಿಟ್ಟು, ಪೂರ್ತಿ ಒಣಗಲು ಬಿಡಬೇಕು. ಎಮಲ್ಷನ್ ಹಸಿಯಾಗಿರುವಾಗ ತಿಳಿಯಾಗಿದ್ದು ಒಣಗಿದ ಮೇಲೆ ತುಸು ಗಾಢವಾಗುವುದು ಸಾಮಾನ್ಯ. ಆ ಹಲಗೆಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿ ನೋಡುವುದು ಮುಖ್ಯ, ಕೈಯಲ್ಲಿ ಎತ್ತಿ ಹಿಡಿದಲ್ಲ. ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಹೀಗೆ ಮೂರು ಹೊತ್ತು, ಕಿಟಕಿಯ ಪಕ್ಕದ ಗೋಡೆಗೂ ಕಿಟಕಿಯ ಎದುರಿನ ಗೋಡೆಗೂ ಸರಿಸಿ ನೋಡಿದರೆ ಅಂಗಡಿಯಲ್ಲಿ ಮೆಚ್ಚಿದ್ದರಲ್ಲಿ ಒಂದಾದರೂ ತಾನಾಗಿ ಹೊರಬೀಳುತ್ತದೆ.

ಹೊಸ ಮನೆಯಾದರೆ ಗಾರೆ ಮಾಡಿದ ನಂತರ ಕನಿಷ್ಠ 28 ದಿನ ಒಣಗಲು ಬಿಡಬೇಕು. ಒಳಗಿನ ತೇವ ಹೊರಬರುವಾಗ ಲವಣವನ್ನೂ ಹೊತ್ತು ತಂದು ಬಿಳಿ ಪುಡಿಯಾಗಿ ಗೋಡೆಯ ಮೇಲೆ ಬಿಡುತ್ತದೆ. ಬಿಸ್ಕೆಟ್ ಮತ್ತು ಗ್ರೇಜ್ ಗೋಡೆಗಳಲ್ಲಿ ಆ ಬಿಳಿ ಕಲೆ ಎದ್ದು ಕಾಣುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಅವಸರ ಮಾಡುವುದಕ್ಕಿಂತ, ಆ ದಿನಕ್ಕೆ ಪ್ರೈಮರ್ ಮತ್ತು ಒಂದು ಕೋಟ್ ಹಾಫ್ ವೈಟ್ ಮುಗಿಸಿ, ಕೊನೆಯ ಕೋಟನ್ನು ಮುಂದಕ್ಕೆ ಹಾಕುವುದು ವಿವೇಕ.

ಒಂದು ಕೋಣೆಗೆ ಬೇಕಾದ ಬಣ್ಣವನ್ನೆಲ್ಲ ಒಂದೇ ಸಲ ಮಿಶ್ರಣ ಮಾಡಿಸಿ, ಡಬ್ಬಿಗಳು ಒಂದಕ್ಕಿಂತ ಹೆಚ್ಚಿದ್ದರೆ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಳ್ಳಲು ಪೇಂಟರಿಗೆ ಹೇಳಬೇಕು. ಯಂತ್ರದ ಒಂದೆರಡು ಹನಿಯ ವ್ಯತ್ಯಾಸ ಗಾಢ ಬಣ್ಣದಲ್ಲಿ ಮುಚ್ಚಿಹೋಗಬಹುದು, ಹಾಫ್ ವೈಟಿನಲ್ಲಿ ಗೋಡೆಯ ನಡುವೆ ಗೆರೆಯಾಗಿ ನಿಲ್ಲುತ್ತದೆ. ಮುಚ್ಚಳದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಶೇಡ್ ಸಂಖ್ಯೆ, ಬೇಸ್, ಫಿನಿಶ್ ಮೂರೂ ಇರುತ್ತವೆ. ಅದರ ಫೋಟೊ ತೆಗೆದಿಟ್ಟುಕೊಂಡು, ಉಳಿದ ಬಣ್ಣದಲ್ಲಿ ಅರ್ಧ ಲೀಟರನ್ನು ಚಿಕ್ಕ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ ನೆರಳಿನಲ್ಲಿಡಿ. ಮೊದಲ ವರ್ಷದ ಗೀರುಗಳಿಗೆ ಅದು ಸಾಕಾಗುತ್ತದೆ. ಎರಡು ಮೂರು ವರ್ಷವಾದ ಮೇಲೆ ಮಾತ್ರ ಅದೇ ಡಬ್ಬಿಯಿಂದ ತೇಪೆ ಹಾಕಲು ಹೋಗಬೇಡಿ: ಅಷ್ಟು ಹೊತ್ತಿಗೆ ಗೋಡೆಯ ಬಣ್ಣ ಸ್ವಲ್ಪವಾದರೂ ಬದಲಾಗಿರುತ್ತದೆ, ತೇಪೆ ದೂರದಿಂದಲೇ ಕಾಣುತ್ತದೆ, ಆಗ ಆ ಒಂದು ಗೋಡೆಯನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ಪೂರ್ತಿ ಬಳಿಸುವುದೇ ಸರಿ.